ಅಕ್ಕನ ಮೂರು ಬೆರಳು

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರ ಬಾಯಲ್ಲೂ ಅವರು ಗರಿಗರಿ ಅಕ್ಕ. ಇಸ್ತ್ರಿ ಮಾಡಿದ ಬಟ್ಟೆಯೂ ಗರಿಗರಿ, ಆಡುವ ಮಾತೂ ಗರಿಗರಿ. ಎಂಥ ದೊಡ್ಡ ಮನುಷ್ಯ ಅಂಗಡಿಗೆ ಬಂದರೂ, "ಜೇಬಲ್ಲಿರೋದನ್ನ ಮೊದ್ಲು ತೆಗೀರಿ. ಆಮೇಲೆ ಪೆನ್ನು ಸೋರಿ ಅಂಗಿ ಹಾಳಾಯ್ತು ಅಂತ ನನ್ನ ಮೇಲೆ ಎಗರಾಡ್ಬೇಡಿ" ಎಂದುಬಿಡುತ್ತಿದ್ದರು. ಆತ ಕಮಕ್ ಕಿಮಕ್ ಎನ್ನದೆ ಜೇಬು ತಡಕುತ್ತಿದ್ದ.

ನನಗೆ ಅವರು ವಾರಗಿತ್ತಿ. ಅಣ್ಣನಿಗೆ ಅವರು, ತಮ್ಮನಿಗೆ ನಾನು. ಮದುವೆಯಾಗಿ ಬಂದ ದಿನದಿಂದಲೂ ಅಕ್ಕ ಎಂದೇ ಕರೆಯುತ್ತ ಬಂದೆ. ಕರೆದ ಮಾತ್ರಕ್ಕೆ ಅಕ್ಕತಂಗಿಯರಾಗಿಬಿಟ್ಟೆವು ಎಂದು ಯಾರಾದರೂ ತಿಳಿದರೆ ಅವರಿಗೆ ವಾರಗಿತ್ತಿಯರಿಲ್ಲ ಎಂದೇ ಅರ್ಥ. ಒಂದೇ ಸೂರು, ಒಂದೇ ಒಲೆ, ಒಂದೇ ಅಂಗಡಿ. ಆದರೂ ನಾವಿಬ್ಬರು ಒಬ್ಬರ ಕೈ ಒಬ್ಬರು ಹಿಡಿದು ಮಾತಾಡಿದ್ದು ನನಗೆ ನೆನಪಿಲ್ಲ. ಜಗಳಕ್ಕೆ ಮಾತ್ರ ಬರವಿರಲಿಲ್ಲ. ಉಪ್ಪಿನ ಡಬ್ಬಿ ಯಾವ ಕಡೆ ಇರಬೇಕು ಎಂಬುದರಿಂದ ಹಿಡಿದು ಕಿಟಕಿ ಎಷ್ಟು ತೆರೆಯಬೇಕು ಎಂಬುದರವರೆಗೆ ಎಲ್ಲದಕ್ಕೂ ಅವರದೊಂದು ಕ್ರಮ, ನನ್ನದೊಂದು ಮೂತಿ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಹಿಂಭಾಗದಲ್ಲಿ ಒಗೆಯುವ ಯಂತ್ರಗಳು ಮತ್ತು ಬಾಯ್ಲರು. ಅದು ಭಾವನ ರಾಜ್ಯ. ಮುಂಭಾಗದಲ್ಲಿ ಉದ್ದನೆಯ ಇಸ್ತ್ರಿ ಮೇಜು. ಅದು ಅಕ್ಕನ ರಾಜ್ಯ. ನನ್ನ ಗಂಡ ವ್ಯಾನಿನಲ್ಲಿ ಹೋಟೆಲು, ಆಸ್ಪತ್ರೆ, ಮನೆಮನೆಗೆ ಬಟ್ಟೆ ಸಾಗಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಮಡಚುವ ಕೆಲಸ. ರಾಜ್ಯ ಎನ್ನುವಷ್ಟು ದೊಡ್ಡದೇನಲ್ಲ, ಅಕ್ಕನ ಮೇಜಿನ ಬಲತುದಿ ಅಷ್ಟೇ.

ಮಡಚಿದ ಅಂಗಿಗಳನ್ನು ಇಡಲು ಭಾವ ಗೋಡೆಯುದ್ದಕ್ಕೂ ಹಲಗೆ ಹೊಡೆದು ಗೂಡುಗಳನ್ನು ಮಾಡಿದ್ದರು. ಅಂಗಿ ಗೂಡಿನಲ್ಲಿ ಅಲ್ಲಾಡಬಾರದು, ಹಾಗೆಂದು ಇಕ್ಕಟ್ಟಾಗಿ ಸುಕ್ಕೂ ಬೀಳಬಾರದು. ಆ ಅಗಲಕ್ಕೆ ಅವರು ಅಳತೆ ತೆಗೆದುಕೊಂಡದ್ದು ಟೇಪಿನಿಂದಲ್ಲ, ಹೆಂಡತಿಯ ಕೈಯಿಂದ. ಅಕ್ಕನ ಒಂದು ಗೇಣು, ಅದರ ಮೇಲೆ ಮೂರು ಬೆರಳು. ಅದೇ ನಮ್ಮ ಅಂಗಡಿಯ ಅಂಗಿಯ ಅಗಲ. ಮೊದಲೇ ದೊಡ್ಡದಾಗಿದ್ದ ಆ ಕೈ ಭಾರದ ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಇನ್ನಷ್ಟು ಅಗಲವಾಗಿ ಬೆಳೆದಿತ್ತು, ಬೆರಳುಗಳು ಬಲವಾಗಿ ದಪ್ಪಗಿದ್ದವು. ನನ್ನದು ಗೊಂಬೆಯ ಕೈ. ಮೊದಮೊದಲು ನಾನು ಮಡಚಿದ ಅಂಗಿಗಳೆಲ್ಲ ಕಿರಿದಾಗಿ ಗೂಡಿನಲ್ಲಿ ಜಾರಾಡುತ್ತಿದ್ದವು. ಅಕ್ಕ ಅಷ್ಟನ್ನೂ ಎಳೆದು ನನ್ನ ಮುಂದೆ ಸುರಿಯುತ್ತಿದ್ದರು. "ಬಿಚ್ಚು. ಮತ್ತೆ ಮಡಚು."

"ಒಂದು ರಟ್ಟು ಕತ್ತರಿಸಿ ಇಟ್ಕೊಳ್ಳೋಣ ಅಕ್ಕ, ಅಳತೆಗೆ" ಎಂದೆ ಒಮ್ಮೆ.

"ರಟ್ಟು ನೆನೆದ್ರೆ ಸೊಟ್ಟಗಾಗುತ್ತೆ. ನನ್ನ ಕೈ ಸೊಟ್ಟಗಾಗಲ್ಲ. ನನ್ನ ಕೈ ನೋಡ್ಕೊಂಡು ಮಡಚು" ಎಂದರು.

ಹಲ್ಲು ಕಚ್ಚಿಕೊಂಡು ನಾನೇ ಒಂದು ಲೆಕ್ಕ ಕಂಡುಕೊಂಡೆ. ನನ್ನ ಗೇಣನ್ನು ಅಕ್ಕನ ಗೇಣಿನಷ್ಟು ಹಿಗ್ಗಿಸಿ, ಬೆರಳು ಸಣ್ಣವಾದ್ದರಿಂದ ಅದರ ಮೇಲೆ ಮೂರರ ಬದಲು ನಾಲ್ಕು ಬೆರಳು ಇಟ್ಟರೆ ಅಕ್ಕನ ಅಳತೆಗೆ ಸರಿಯಾಗುತ್ತಿತ್ತು. ಅಕ್ಕನ ಮೂರು, ನನ್ನ ನಾಲ್ಕು. ವರ್ಷಗಟ್ಟಲೆ ಅದನ್ನೇ ಮಾಡಿ, ಕಡೆಕಡೆಗೆ ಕಣ್ಣು ಮುಚ್ಚಿಕೊಂಡರೂ ನನ್ನ ಕೈ ತಾನಾಗಿಯೇ ನಾಲ್ಕನೆಯ ಬೆರಳು ಸೇರಿಸಿಕೊಳ್ಳುತ್ತಿತ್ತು. ಅಕ್ಕನ ಕೈಯ ಅಳತೆ ಭಾವನಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದು ಒಳಗೊಳಗೇ ಬೀಗುತ್ತಿದ್ದೆ.

ಆಮೇಲೆ ಅಕ್ಕನಿಗೆ ಎದೆಯಲ್ಲಿ ಗಂಟು ಸಿಕ್ಕಿತು. ಮೇಜಿನ ಅಂಚಿಗೆ ಒರಗಿ ದೊಡ್ಡ ಹೊದಿಕೆಯೊಂದನ್ನು ಇಸ್ತ್ರಿ ಮಾಡುತ್ತಿದ್ದಾಗ ಏನೋ ಗಟ್ಟಿಯಾಗಿ ಒತ್ತಿದಂತಾಯಿತಂತೆ. ಎಡಗಡೆಯ ಮೊಲೆಯನ್ನು, ಕಂಕುಳಿನಲ್ಲಿದ್ದ ಗ್ರಂಥಿಗಳನ್ನು ತೆಗೆದರು. ಗಾಯ ಮಾಗಿದ ಮೇಲೆ ಕಿಮೋ ಶುರುವಾಗಬೇಕು ಎಂದರು. ಆ ಆಸ್ಪತ್ರೆಯ ಹಾಸುಬಟ್ಟೆಗಳನ್ನು ಒಗೆಯುವುದು ನಾವೇ. ಅಕ್ಕ ಶಸ್ತ್ರಚಿಕಿತ್ಸೆಯ ಮಾರನೆಯ ದಿನ ಕಣ್ಣು ಬಿಟ್ಟವರೇ ಹಾಸಿಗೆಯ ಅಂಚು ಮುಟ್ಟಿ ನೋಡಿ, "ಇದನ್ನ ಇಸ್ತ್ರಿ ಮಾಡಿದ್ದು ನೀನೇ ತಾನೇ? ನೋಡು ಸುಕ್ಕು" ಎಂದರು. ನನಗೆ ಸಿಟ್ಟು ಬರಬೇಕಿತ್ತು. ಅಂದು ಮಾತ್ರ ಬದುಕಿದ್ದಾರಲ್ಲ ಎಂದು ಸಮಾಧಾನವಾಯಿತು.

ಕತ್ತರಿ ಹಾಕಿದ್ದಕ್ಕೆ ಜಗ್ಗದ ಅಕ್ಕನನ್ನು ಜಗ್ಗಿಸಿದ್ದು ವಾಂತಿ. ಕತ್ತಿನ ಕೆಳಗೆ ಚರ್ಮದಡಿ ಪೋರ್ಟ್ ಎಂಬ ಒಂದು ಪುಟ್ಟ ಬಿಲ್ಲೆ ಕೂರಿಸಿ ಅದರ ಮೂಲಕ ಔಷಧಿ ಹರಿಸುತ್ತಿದ್ದರು. ಹರಿಸುವಾಗ ಏನೂ ಇಲ್ಲ. ಪಕ್ಕದ ಕುರ್ಚಿಯವರೊಡನೆ ಹರಟೆ ಹೊಡೆಯುತ್ತಿದ್ದರು. ಮನೆಗೆ ಬಂದು ಸಂಜೆಯಾಗುತ್ತಿದ್ದಂತೆ ಶುರು. ಮಾತ್ರೆಗಳನ್ನು ಹೊತ್ತುಹೊತ್ತಿಗೆ ನುಂಗಿದರೂ ಪೂರ್ತಿ ನಿಲ್ಲುತ್ತಿರಲಿಲ್ಲ. ಡಾಕ್ಟರು ಮಾತ್ರೆ ಬದಲಾಯಿಸಿದರು, ವಾಂತಿ ಕಡಿಮೆಯಾಯಿತು. ಆದರೆ ವಾಕರಿಕೆ ಗಂಟಲಲ್ಲೇ ಬಿಡಾರ ಹೂಡಿತು. ನೀರು ಲೋಹದ ರುಚಿ, ಗಂಜಿ ಮಣ್ಣಿನ ರುಚಿ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕೆಳಗಿನಿಂದ ಏರಿಬರುವ ಹಬೆಯ ವಾಸನೆ. ಬಿಸಿ ಬಟ್ಟೆ, ಗಂಜಿ ಹಾಕಿದ ಕಾಲರು, ಸೋಪು. ಆ ವಾಸನೆಯಲ್ಲೇ ಆಯುಷ್ಯ ಕಳೆದ ಹೆಂಗಸು ಈಗ ಅದು ಮೂಗಿಗೆ ತಾಗಿದರೆ ಸಾಕು, ಬಾಯಿಗೆ ಬಟ್ಟೆ ಒತ್ತಿಕೊಂಡು ಬಚ್ಚಲಿಗೆ ಓಡುತ್ತಿದ್ದರು. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದರೂ ಅದು ಮೆಟ್ಟಿಲು ಹತ್ತಿ ಬರುತ್ತಿತ್ತು.

ಎರಡನೆಯ ಕಿಮೋ ಆದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನ ನೆಲದ ಮೇಲೆ ಕುಳಿತಿದ್ದರು. ತಲೆಯಲ್ಲಿ ಕೂದಲಿರಲಿಲ್ಲ. ನಾನು ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಒರೆಸಲು ಹೋದರೆ ಗದರುತ್ತಾರೇನೋ ಎಂಬ ಹಿಂಜರಿಕೆ.

"ಇನ್ನೊಂದು ಸಲ ನೋಡ್ತೀನಿ" ಎಂದರು, ನನ್ನ ಕಡೆ ನೋಡದೆ. "ಮುಂದಿನ ಸಲಾನೂ ಹಿಂಗೇ ಆದ್ರೆ ಸಾಕು. ನಾನು ಹೋಗಲ್ಲ."

"ಎಂಥ ಮಾತು ಆಡ್ತೀರಾ ಅಕ್ಕ? ಇನ್ನೂ ಅರ್ಧಕ್ಕಿಂತ ಜಾಸ್ತಿ ಬಾಕಿ ಇದೆ. ನಡುವೆ ಬಿಟ್ರೆ ಮತ್ತೆ ಬರಬಹುದು ಅಂತ ಡಾಕ್ಟ್ರು..."

"ಡಾಕ್ಟ್ರು ಹೇಳಿದ್ದು ನನಗೂ ಕೇಳಿಸಿದೆ. ಕಿವಿ ಕುಯ್ದಿಲ್ಲ ಅವರು." ಗೋಡೆಗೆ ತಲೆ ಒರಗಿಸಿದರು. "ನಿಮ್ಮ ಭಾವಂಗೆ ಹೇಳ್ಬೇಡ. ಹೇಳಿದ್ರೆ ನಿನ್ನ ಜೊತೆ ಮಾತು ಬಿಡ್ತೀನಿ."

ಬೇರೆ ಸಮಯದಲ್ಲಾಗಿದ್ದರೆ ಆ ಬೆದರಿಕೆಗೆ ನಾನು ಖುಷಿಯೇ ಪಡುತ್ತಿದ್ದೆ. ಅಂದು ಹೂಂ ಎಂದು ತಲೆಯಾಡಿಸಿದೆ. ಅಕ್ಕ ಹೇಳಿದರೆ ಹೇಳಿದಂತೆಯೇ. ಗಿರಾಕಿಗೆ ನಾಳೆ ಸಂಜೆ ಎಂದರೆ ನಾಳೆ ಸಂಜೆ, ಆಗಲ್ಲ ಎಂದರೆ ಆಗಲ್ಲ. ಅವರು ಸಾಯಲು ಒಪ್ಪಿಕೊಂಡಿದ್ದಾರೆ ಎಂಬುದು ಈ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು, ನಾನು ಅದನ್ನು ನುಂಗಿಕೊಂಡು ಅಂಗಿ ಮಡಚಬೇಕು.

ಮೂರನೆಯ ಕಿಮೋ ದಿನ ಅಲ್ಲಿನ ಹಿರಿಯ ನರ್ಸಿನ ಬೆನ್ನು ಬಿದ್ದೆ. ತಲೆ ನರೆತ, ಸದಾ ಚಪ್ಪಲಿ ಎಳೆದುಕೊಂಡು ನಡೆಯುವ ಹೆಂಗಸು. "ಏನಾದ್ರೂ ಮಾಡಿ ನರ್ಸಮ್ಮ, ಮಾತ್ರೆ ಸಾಕಾಗ್ತಿಲ್ಲ" ಎಂದೆ. ಅವರು ಡಾಕ್ಟರನ್ನು ಕೇಳಿಕೊಂಡು ಬಂದು ಅಕ್ಕನ ಬಲಗೈಯನ್ನು ಅಂಗಾತ ಮಾಡಿದರು.

"ಎಡಗೈ ಬೇಡ, ಆ ಕಡೆ ಆಪರೇಷನ್ ಆಗಿದೆ. ಅದನ್ನ ಒತ್ತೋದು, ಬಿಗಿಯೋದು ಏನೂ ಮಾಡಬಾರದು. ಈ ಕೈ ನೋಡಿ. ಮಣಿಕಟ್ಟಿನ ಗೆರೆ ಇದೆಯಲ್ಲ, ಅಲ್ಲಿಂದ ಮೊಣಕೈ ಕಡೆಗೆ ಮೂರು ಬೆರಳು ಅಡ್ಡ ಇಡಿ. ಇವರ ಬೆರಳು, ನಿಮ್ಮದಲ್ಲ. ಮೂರನೇ ಬೆರಳು ಮುಗಿದ ಕಡೆ, ಎರಡು ಹುರಿ ಥರ ನರ ಸಿಗುತ್ತೆ. ಅದರ ನಡುವೆ ಹೆಬ್ಬೆರಳು. ಮೆತ್ತಗೆ ಒತ್ತಿ, ಸುತ್ತು ಸುತ್ತಾಗಿ ತಿರುಗಿಸಿ. ಊಟಕ್ಕೆ ಮುಂಚೆ, ವಾಕರಿಕೆ ಶುರುವಾದಾಗ. ಮಾತ್ರೆ ಬಿಡಬಾರದು, ಇದು ಮಾತ್ರೆ ಜೊತೆಗೆ. ಕೆಲವರಿಗೆ ಉಪಯೋಗ ಆಗುತ್ತೆ, ಕೆಲವರಿಗೆ ಆಗಲ್ಲ. ನಷ್ಟವಂತೂ ಇಲ್ಲ."

"ಅವರ ಬೆರಳಿನ ಅಳತೆ ನನಗೆ ಹೇಳಿಕೊಡ್ಬೇಡಿ" ಎಂದೆ ಜಂಬದಿಂದ. ನರ್ಸಮ್ಮ ಪೆನ್ನಿನಿಂದ ಒಂದು ಚುಕ್ಕಿ ಇಟ್ಟುಕೊಟ್ಟರು. ಅದು ಮನೆಗೆ ಬಂದು ಕೈಕಾಲು ತೊಳೆಯುವಾಗಲೇ ಅಳಿಸಿಹೋಯಿತು.

ಒತ್ತುವ ಕೆಲಸ ಭಾವನಿಗೆ ಸಾಧ್ಯವಿರಲಿಲ್ಲ. ಎಷ್ಟು ತೊಳೆದರೂ ಅವರ ಕೈಯಲ್ಲಿ ಬ್ಲೀಚಿನ ವಾಸನೆ. ಹತ್ತಿರ ಬಂದರೆ ಅಕ್ಕನಿಗೆ ವಾಕರಿಕೆ ಬರುತ್ತಿತ್ತು. ಪಾಪ, ಅವರು ಬಾಗಿಲಲ್ಲೇ ನಿಂತು ಹೆಂಡತಿಯನ್ನು ನೋಡಿ ಕೆಳಗಿಳಿದು ಹೋಗುತ್ತಿದ್ದರು. ಹೀಗಾಗಿ ನಾನೇ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ. ಅಕ್ಕನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಗೆರೆಯ ಪಕ್ಕದಿಂದ ಬೆರಳು ಅಡ್ಡ ಇಟ್ಟೆ. ಅಕ್ಕನ ಮೂರು, ಅಂದರೆ ನನ್ನ ನಾಲ್ಕು. ಅಲ್ಲಿ ಹೆಬ್ಬೆರಳು ಊರಿ ಒತ್ತಿದೆ. ಸರಿಯಾಗಿಯೇ ಮಾಡುತ್ತಿದ್ದೇನೆ ಎಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಇಬ್ಬರಿಗೂ ಮುಜುಗರ. ಕೈ ಹಿಡಿದುಕೊಂಡು ಕುಳಿತ ಮೇಲೆ ಮುಖ ಎಲ್ಲಿ ಇಟ್ಟುಕೊಳ್ಳುವುದು? ಅಕ್ಕ ಚಾವಣಿ ನೋಡುತ್ತಿದ್ದರು, ನಾನು ಅವರ ಕೈಮೇಲಿನ ಹಳೆಯ ಸುಟ್ಟ ಕಲೆಗಳನ್ನು ನೋಡುತ್ತಿದ್ದೆ.

"ಅದು ಕೈ ಕಣೇ, ಕಾಲರ್ ಅಲ್ಲ. ಉಜ್ಜಬೇಡ" ಎಂದರು.

"ನೀವು ಸುಮ್ನೆ ಉಸಿರಾಡಿ" ಎಂದೆ.

"ಉಸಿರಾಡೋದಕ್ಕೂ ನಿನ್ನ ಅಪ್ಪಣೆ ಬೇಕಾ?"

ಮಾತು ಅಷ್ಟೇ. ಆದರೆ ನಡುವೆ ಒಮ್ಮೆ, ತಾವು ಈ ಮನೆಗೆ ಬಂದ ಹೊಸತರಲ್ಲಿ ಅತ್ತೆ ತಮ್ಮ ಕೈಯನ್ನು ನೋಡಿ, ಇದೇನು ಗಂಡಸಿನ ಕೈ ಎಂದು ನೆಂಟರೆದುರು ನಕ್ಕಿದ್ದರು ಎಂದು ಹೇಳಿದರು. ಅಂದು ಊಟದ ನಡುವೆಯೂ ಕೈಯನ್ನು ಮತ್ತೆ ಮತ್ತೆ ಮೇಜಿನ ಕೆಳಗೆ ಅಡಗಿಸಿಕೊಂಡು, ಬಡಿಸಿದ್ದರಲ್ಲಿ ಅರ್ಧ ತಿನ್ನದೆ ಎದ್ದರಂತೆ. "ಆಮೇಲೆ ಅದೇ ಕೈ ಅವರ ಮನೆ ನಡೆಸ್ತು" ಎಂದು ಹೇಳಿ ಕಣ್ಣು ಮುಚ್ಚಿದರು. ಈ ಹೆಂಗಸಿಗೆ ನೋವಾಗುವ ಜಾಗಗಳೂ ಇವೆ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಆದರೆ ವಾಕರಿಕೆ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಹಿಂದಿನ ಸಲದಂತೆಯೇ ಬಚ್ಚಲು, ಬಕೆಟ್ಟು, ಕಣ್ಣಿನ ಕೆಳಗೆ ಕಪ್ಪು. ನಾನು ಹೊತ್ತು ಗೊತ್ತು ನೋಡದೆ ಒತ್ತಿದ್ದೇ ಒತ್ತಿದ್ದು. ಕೊನೆಗೆ ಅಕ್ಕ ಕೈ ಎಳೆದುಕೊಂಡರು.

"ಬಿಡು. ನಿನ್ನ ಕೆಲಸ ನೀನು ಮಾಡ್ದೆ. ನಾನು ಒಂದು ಸಲ ನೋಡ್ತೀನಿ ಅಂದಿದ್ದೆ, ನೋಡ್ದೆ. ಮುಗೀತು."

ನಾನು ಕೆಳಗಿಳಿದು ಬಂದು ಒಗೆಯದ ಬಟ್ಟೆಗಳ ರಾಶಿಯ ಹಿಂದೆ ನಿಂತು ಅತ್ತುಬಿಟ್ಟೆ. ಭಾವ ಯಂತ್ರದ ಸದ್ದಿನಲ್ಲಿ ಏನೂ ತಿಳಿಯದೆ ಹೊದಿಕೆಗಳನ್ನು ತುಂಬುತ್ತಿದ್ದರು.

ಕಿಮೋ ಆದ ಕೆಲವು ದಿನಕ್ಕೆ ಮೈ ತುಸು ಚೇತರಿಸಿಕೊಳ್ಳುತ್ತದೆ. ಹಾಗೆ ಚೇತರಿಸಿಕೊಂಡ ಒಂದು ಮಧ್ಯಾಹ್ನ ಅಕ್ಕ ತಲೆಗೆ ಬಟ್ಟೆ ಟೋಪಿ ಹಾಕಿಕೊಂಡು ಗೋಡೆ ಹಿಡಿದು ಅಂಗಡಿಗೆ ಇಳಿದು ಬಂದರು. ಭಾವ ಓಡಿಹೋಗಿ ಬಾಯ್ಲರು ಆರಿಸಿದರು. "ಏನೂ ಬೇಡ, ಸುಮ್ನೆ ಕೂತ್ಕೊಳ್ಳೋಕಾಗಲ್ಲ ನಂಗೆ" ಎಂದು ಅಕ್ಕ ನನ್ನ ಜಾಗದಲ್ಲಿ ಕುಳಿತು, ಹೋಟೆಲಿನವರ ಬಿಳಿ ಅಂಗಿಗಳನ್ನು ಎಳೆದುಕೊಂಡು ಮಡಚತೊಡಗಿದರು. ಎಡಗೈ ಹೆಚ್ಚು ಏಳುತ್ತಿರಲಿಲ್ಲ, ಬಲಗೈಯಲ್ಲೇ ಅಳೆದು ಅಳೆದು ಮಡಚಿದರು. ನಾನು ತೆಗೆದು ಗೂಡಿಗೆ ಇಟ್ಟೆ.

ಅಂಗಿಗಳು ಜಾರಿದವು. ಗೂಡಿನ ಎರಡೂ ಕಡೆ ಬೆರಳು ತೂರಿಸುವಷ್ಟು ಜಾಗ ಉಳಿದಿತ್ತು.

ಅಕ್ಕ ಎದ್ದು ಬಂದು ನೋಡಿದರು. ಅಂಗಿಯ ಕಟ್ಟನ್ನು ಆ ಕಡೆ ತಳ್ಳಿದರು, ಈ ಕಡೆ ತಳ್ಳಿದರು. ಮುಖ ಕೆಂಪಾಯಿತು.

"ಈ ಗೂಡು ಯಾರು ದೊಡ್ಡದು ಮಾಡಿದ್ದು?"

ಭಾವ ಕೈ ಒರೆಸಿಕೊಳ್ಳುತ್ತ ಹಿಂದಿನಿಂದ ಬಂದರು. ಗೂಡು ನೋಡಿದರು, ಅಂಗಿ ನೋಡಿದರು, ಹೆಂಡತಿಯ ಕೈ ನೋಡಿದರು.

"ಹಲಗೆ ಒಣಗಿರ್ಬೇಕು ಕಣೇ. ಹಳೇದಾಯ್ತಲ್ಲ. ಸರಿ ಮಾಡ್ತೀನಿ ಬಿಡು" ಎಂದು ಹೇಳಿ ಬೇಗಬೇಗ ಹಿಂದಕ್ಕೆ ಹೋದರು. ಒಳಗೆ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು, ನೀರು ಸುಮ್ಮನೆ ಹರಿಯುತ್ತಲೇ ಇತ್ತು.

ಅಕ್ಕ ಇನ್ನೂ ಗೂಡಿನ ಹಲಗೆಯನ್ನೇ ಸವರುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಕೈ ಕೊಡಿ ಇಲ್ಲಿ."

ಅವರ ಬಲ ಅಂಗೈಗೆ ನನ್ನ ಅಂಗೈ ತಾಗಿಸಿ ಹಿಡಿದೆ. ಬೆರಳುಗಳು ಮೊದಲಿನಂತೆ ಪೂರ್ತಿ ಅಗಲವಾಗುತ್ತಿರಲಿಲ್ಲ, ಬಿಗಿದುಕೊಂಡಿದ್ದವು. ಮಾಂಸವೆಲ್ಲ ಕರಗಿ ಗೆಣ್ಣುಗಳು ಮಾತ್ರ ಎದ್ದಿದ್ದವು. ನನ್ನ ಬೆರಳಿನ ಪಕ್ಕ ಅವರ ಬೆರಳು ಇಟ್ಟು ನೋಡಿದೆ. ಒಂದೇ ದಪ್ಪ. ನನ್ನದೇ ತುಸು ತೋರವೇನೋ. ಇಷ್ಟು ದಿನ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ, ಕಲೆಗಳನ್ನು ಎಣಿಸುತ್ತಿದ್ದೆ. ಕೈಯನ್ನು ಮಾತ್ರ ನೋಡಿರಲಿಲ್ಲ. ನನ್ನ ತಲೆಯಲ್ಲಿ ಹಳೆಯ ಅಕ್ಕನೇ ಇದ್ದರು, ಅಂಗಿಗಳನ್ನು ಎಳೆದು ಸುರಿಯುವ ಅಕ್ಕ. ನಾಲ್ಕು ಬೆರಳು ಇಟ್ಟು ನಾನು ಒತ್ತಿದ್ದು ಆ ಕೈಯನ್ನು. ಅದು ಈಗ ಇರಲೇ ಇಲ್ಲ.

"ಅಕ್ಕ, ನಾನು ತಪ್ಪು ಜಾಗ ಒತ್ತಿದೀನಿ" ಎಂದೆ. "ನಾಲ್ಕು ಬೆರಳು ಬಿಟ್ಟು ಒತ್ತಿದೆ."

"ನಾಲ್ಕಾ? ನರ್ಸಮ್ಮ ಮೂರು ಅಂದ್ರಲ್ಲೇ! ಎಣಿಸೋಕೂ ಬರಲ್ವಾ ನಿಂಗೆ?"

"ನಿಮ್ಮ ಮೂರು ಅಂದ್ರೆ ನನ್ನ ನಾಲ್ಕು. ಅಂಗಿ ಮಡಚೋವಾಗೆಲ್ಲ ಹಂಗೇ ತಾನೇ ಅಳೆಯೋದು. ಕೈ ತಾನೇ ಹೋಗಿ ನಾಲ್ಕು ಇಡ್ತು."

ಬೈಯಲು ಬಾಯಿ ತೆರೆದ ಅಕ್ಕ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಗೂಡಿನ ಕಡೆ ನೋಡಿದರು.

"ಅಷ್ಟು ಸಣ್ಣಗಾಗಿದೀನಾ ನಾನು?"

ಇಲ್ಲ ಎಂದು ಸುಳ್ಳು ಹೇಳಲು ನಾನು ಭಾವನಷ್ಟು ಒಳ್ಳೆಯವಳಲ್ಲ. "ಹೂಂ" ಎಂದೆ. ಅವರು ನನ್ನ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಅಲ್ಲೇ, ಬಿಳಿ ಅಂಗಿಗಳ ನಡುವೆ, ಅವರ ಎಡಗೈಯ ಮೂರು ಬೆರಳುಗಳನ್ನು ನಾನೇ ಹಿಡಿದು ಬಲ ಮಣಿಕಟ್ಟಿನ ಮೇಲೆ ಇಟ್ಟು ಅಳೆದೆ. ನಾನು ಒತ್ತುತ್ತಿದ್ದ ಜಾಗಕ್ಕೂ ಇದಕ್ಕೂ ಒಂದು ಬೆರಳಿನಷ್ಟು ಅಂತರ. ಹುರಿಗಳ ನಡುವೆ ಹೆಬ್ಬೆರಳು ಊರಿದಾಗ ಅಕ್ಕ ಹುಬ್ಬು ಗಂಟಿಕ್ಕಿದರು. "ಏನೋ ಭಾರವಾಗಿ ನೋಯುತ್ತೆ. ಕೈಯೊಳಗೆ ಜುಮ್ ಅಂತು" ಎಂದರು. ಮೊದಲು ಒತ್ತಿದಾಗ ಹೀಗೆ ಒಂದು ದಿನವೂ ಅಂದಿರಲಿಲ್ಲ.

ಆಗಲೇ ನಾನು ವಾದ ಹೂಡಿದೆ. "ನೋಡಿ ಅಕ್ಕ. ತಪ್ಪು ಮಡಚಿದ್ದನ್ನ ನೀವು ಯಾವತ್ತಾದ್ರೂ ಲೆಕ್ಕಕ್ಕೆ ತಗೊಂಡಿದೀರಾ? ಬಿಚ್ಚು, ಮತ್ತೆ ಮಡಚು ಅಂತೀರಿ. ಹೋದ ಸಲ ನಾನು ಒತ್ತಿದ್ದೂ ಹಂಗೇ. ಅದು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ನೋಡ್ಬೇಕು ನೀವು."

"ಅದು ಅಂಗಿ ಕಣೇ" ಎಂದರು ಅಕ್ಕ, ಸಿಟ್ಟಿಲ್ಲದೆ. "ಇದು ನನ್ನ ಮೈ. ಬಿಚ್ಚಿ ಬಿಚ್ಚಿ ಎಷ್ಟು ಸಲ ಮಡಚ್ತೀಯಾ?"

ನಾನು ಅವರ ಕೈಯನ್ನು ಮೆಲ್ಲಗೆ ಅವರ ಮಡಿಲಿಗೆ ಇಟ್ಟು ಅಂಗಿಗಳ ಕಡೆ ತಿರುಗಿದೆ.

ಆದರೂ ದಿನಾ ಒತ್ತಿದೆ, ಅವರೂ ಕೈ ಎಳೆದುಕೊಳ್ಳಲಿಲ್ಲ. ಒಂದು ಸಂಜೆ ಬಾಯ್ಲರು ಉರಿಯುತ್ತಿರುವಾಗಲೇ ಇಳಿದು ಬಂದು, ನನ್ನ ಕೈಗೆ ಕೈ ಕೊಟ್ಟು, ಹಬೆಯ ನಡುವೆ ಕುಳಿತು ಬ್ರೆಡ್ಡಿನ ಒಂದು ಚೂರು ತಿಂದರು. ಮಾರನೆಯ ದಿನ ಅದೇ ಹಬೆಗೆ ಮತ್ತೆ ಬಚ್ಚಲಿಗೆ ಓಡಿದರು. ಅದರ ಮರುದಿನ ಓಡಲಿಲ್ಲ. ಒತ್ತಿದ್ದರಿಂದಲೋ, ಔಷಧಿಯ ಕಾವು ಇಳಿದದ್ದರಿಂದಲೋ, ಜೊತೆಗೊಬ್ಬರು ಕೈ ಹಿಡಿದು ಕುಳಿತದ್ದರಿಂದಲೋ ನಾನು ಆಣೆ ಮಾಡಿ ಹೇಳಲಾರೆ. ಮುಂದಿನ ಕಿಮೋ ಬಗ್ಗೆ ಅಕ್ಕ ಮಾತೇ ಎತ್ತಲಿಲ್ಲ, ನಾನೂ ಕೆದಕಲು ಹೆದರಿದೆ.

ಆ ದಿನ ಬಂದಾಗ ಅವರೇ ಸಿದ್ಧರಾಗಿ ಮೆಟ್ಟಿಲಿಳಿದರು. ನನ್ನ ಎದೆ ಹಗುರಾಗುವಷ್ಟರಲ್ಲಿ ಕಿವಿಯ ಬಳಿ ಬಗ್ಗಿ ಹೇಳಿದರು: "ಹಾಕಿಸ್ಕೊಳ್ಳೋಕೆ ಅಲ್ಲ. ಬೇಡ ಅಂತ ಡಾಕ್ಟ್ರಿಗೆ ಮುಖ ಕೊಟ್ಟು ಹೇಳಿ ಬರ್ತೀನಿ. ಹೇಳ್ದೆ ಕೇಳ್ದೆ ತಪ್ಪಿಸ್ಕೊಳ್ಳೋಳಲ್ಲ ನಾನು."

ಆಸ್ಪತ್ರೆಗೆ ತಲುಪಿಸಬೇಕಾದ ಹಾಸುಬಟ್ಟೆಯ ಮೂಟೆಗಳ ನಡುವೆ ನಾವಿಬ್ಬರೂ ವ್ಯಾನಿನಲ್ಲಿ ಕುಳಿತೆವು. ನನ್ನ ಗಂಡ ಗಾಡಿ ಓಡಿಸುತ್ತಿದ್ದರು. ಆಸ್ಪತ್ರೆಯ ಗೇಟು ಕಂಡರೆ ಸಾಕು ಅಕ್ಕನಿಗೆ ಔಷಧಿ ಒಳಗೆ ಹೋಗುವ ಮೊದಲೇ ಹೊಟ್ಟೆ ತೊಳಸುತ್ತಿತ್ತು. ಅದಕ್ಕೇ ನಾನು ದಾರಿಯಲ್ಲೇ ಅವರ ಮಣಿಕಟ್ಟು ಹಿಡಿದಿದ್ದೆ. ಗೇಟು ಬಂತು. ಅಕ್ಕ ಒಮ್ಮೆ ಉಗುಳು ನುಂಗಿದರು, ಅಷ್ಟೇ.

ಡಾಕ್ಟರ ಕೋಣೆಯ ಹೊರಗೆ ಉದ್ದದ ಬೆಂಚು. ನಾನು ಹಿಂದಿನ ದಿನವೆಲ್ಲ ಮಾತು ಜೋಡಿಸಿಕೊಂಡಿದ್ದೆ. ಭಾವನ ಗತಿಯೇನು, ಅಂಗಡಿಯ ಗತಿಯೇನು, ಡಾಕ್ಟರು ಹೇಳಿದ್ದೇನು. ಬೆಂಚಿನ ಮೇಲೆ ಕುಳಿತಾಗ ಅವೆಲ್ಲ ಎಲ್ಲಿ ಹಾರಿಹೋದವೋ.

"ಅಕ್ಕ, ನೀವು ಹೋಗ್ಬಿಟ್ರೆ ನಾನು ಯಾರ ಜೊತೆ ಇರ್ಲಿ?"

ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ನಿನ್ನ ಗಂಡ ಇದಾನಲ್ಲೇ."

"ಅವರು ಮಾತಾಡಲ್ಲ ಅಕ್ಕ. ಭಾವಾನೂ ಮಾತಾಡಲ್ಲ. ಆ ಮನೇಲಿ ಮಾತು ಅಂತ ಇರೋದು ನಮ್ಮಿಬ್ಬರ ಜಗಳ ಒಂದೇ."

ಅಕ್ಕನಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಟೋಪಿಯ ಅಂಚಿನಿಂದ ಒರೆಸಿಕೊಂಡರು.

"ನಂಗೆ ಭಯ ಕಣೇ" ಎಂದರು ಮೆಲ್ಲಗೆ. "ಸಾಯೋದಕ್ಕಲ್ಲ. ಆ ಬಚ್ಚಲ ನೆಲದ ಮೇಲೆ ಕೂತಾಗ ನಾನು ಯಾರೂ ಅಲ್ಲ ಅನ್ಸುತ್ತೆ. ಎದ್ದು ನಿಲ್ಲೋಕೂ ಇನ್ನೊಬ್ಬರು ಬೇಕು. ನೀನು ಬಾಗಿಲಲ್ಲಿ ಬಟ್ಟೆ ಹಿಡ್ಕೊಂಡು ನಿಂತಿರ್ತೀಯ, ಒಳಗೆ ಬರಲ್ಲ."

"ನೀವು ಬೈತೀರಿ ಅಂತ ನಿಂತಿರ್ತೀನಿ."

"ಬೈತೀನಿ. ಬೈದ್ರೆ ಏನು? ಬರ್ಬೇಕು ನೀನು."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. "ಬರ್ತೀನಿ" ಎಂದು ನಾನು ಅವರನ್ನು ಎಬ್ಬಿಸಿದೆ. ಡಾಕ್ಟರು ರಕ್ತದ ವರದಿ ನೋಡಿ, ತೂಕ ನೋಡಿ, ಕನ್ನಡಕ ಸರಿಮಾಡಿಕೊಂಡು, "ಹೇಗಿದೀರಾ ಅಮ್ಮ? ಇವತ್ತು ಹಾಕೋಣ ಅಲ್ವಾ?" ಎಂದು ಕೇಳಿದರು.

ಅಕ್ಕ ಮೇಜಿನ ಮೇಲಿದ್ದ ಬಿಳಿ ಬಟ್ಟೆಯ ಸುಕ್ಕೊಂದನ್ನು ಬೆರಳಿನಿಂದ ಸವರಿದರು.

"ಈ ಸಲ ಇವಳು ಬಚ್ಚಲ ಒಳಗೆ ಬರ್ತಾಳಂತೆ" ಎಂದರು ಕೊನೆಗೆ, ಡಾಕ್ಟರಿಗೆ ತಲೆಬುಡ ಅರ್ಥವಾಗದಂತೆ. "ಹಾಕಿ."

ಕುರ್ಚಿಗೆ ಒರಗಿಸಿ ನರ್ಸಮ್ಮ ಕೊಳವೆ ಜೋಡಿಸಿದರು. ಔಷಧಿ ತೊಟ್ಟಿಕ್ಕತೊಡಗಿತು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತು, ಅಳೆಯಲೆಂದು ಅವರ ಎಡಗೈಗೆ ಕೈ ಚಾಚಿದೆ. ಅಕ್ಕ ನನ್ನ ಕೈಯನ್ನು ತಳ್ಳಿದರು. ಕುಯ್ದ ಕಡೆಯ ಆ ತೋಳನ್ನು ಹಲ್ಲು ಕಚ್ಚಿ ತಾವೇ ಎತ್ತಿ, ತಮ್ಮ ಸಣಕಲು ಮೂರು ಬೆರಳುಗಳನ್ನು ಬಲ ಮಣಿಕಟ್ಟಿನ ಮೇಲೆ ಒಂದರ ಪಕ್ಕ ಒಂದು ಇಟ್ಟುಕೊಂಡರು.

"ಇಷ್ಟೇ ಈಗ ನನ್ನ ಕೈ. ಚೆನ್ನಾಗಿ ನೋಡ್ಕೋ" ಎಂದರು. "ಇಲ್ಲಿ ಒತ್ತು."

ನಾನು ನೋಡಿಕೊಂಡೆ, ಆಮೇಲೆ ಒತ್ತಿದೆ.